ಎರಡು ಬ್ಲಾಂಕೆಟ್ ಹೊದ್ದರೂ ಹ್ಯಾಮಕ್‌ನಲ್ಲಿ ಬೆನ್ನಿಗೆ ಚಳಿ ಏಕೆ?

ಪ್ರಶ್ನೆ: ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದವರು ಆ ರಾತ್ರಿ ಅಲ್ಲೇ ಉಳಿದೆವು. ನಮ್ಮ ಹೊಲ ಚಿಂಚೋಳಿ ಬಳಿ ಇದೆ. ಬದುವಿನ ಎರಡು ಬೇವಿನ ಮರಗಳಿಗೆ ಹ್ಯಾಮಕ್ (ಬಟ್ಟೆಯ ತೂಗುಹಾಸಿಗೆ) ಕಟ್ಟಿ, ಸ್ವೆಟರ್ ಹಾಕಿಕೊಂಡು, ಎರಡು ಬ್ಲಾಂಕೆಟ್ ಹೊದ್ದು ಮಲಗಿದೆ. ನಡುರಾತ್ರಿಯ ಹೊತ್ತಿಗೆ ಬೆನ್ನು, ಸೊಂಟ ಕೊರೆಯತೊಡಗಿ ನಿದ್ದೆಯೇ ಹತ್ತಲಿಲ್ಲ. ನೆಲದ ಮೇಲೆ ಕೌದಿ ಹಾಸಿಕೊಂಡು ಮಲಗಿದ್ದ ಕಾಕಾ ಬೆಳಗಿನವರೆಗೂ ಎಚ್ಚರವಾಗಲಿಲ್ಲ. ಒಳ್ಳೆಯ ಸ್ಲೀಪಿಂಗ್ ಬ್ಯಾಗ್ ಕೊಳ್ಳಲೇ, ಮ್ಯಾಟ್ ಹಾಸಲೇ, ಹ್ಯಾಮಕ್‌ನ ಕೆಳಗೆ ಕಟ್ಟುವ ಅಂಡರ್‌ಕ್ವಿಲ್ಟ್ ತರಿಸಲೇ?

– ಓದುಗರೊಬ್ಬರು, ಕಲಬುರಗಿ

ಉತ್ತರ: ಸ್ಲೀಪಿಂಗ್ ಬ್ಯಾಗ್ ಸದ್ಯಕ್ಕೆ ಬೇಡ. ನಿಮ್ಮ ತೊಂದರೆ ಇರುವುದು ಕೆಳಗೆ. ಮೇಲೆ ಇನ್ನೆರಡು ಬ್ಲಾಂಕೆಟ್ ಹೇರಿದರೂ ಅದು ತೀರುವುದಿಲ್ಲ.

ಹೊದಿಕೆಗೆ ತನ್ನದೆಂಬ ಬಿಸಿ ಇರುವುದಿಲ್ಲ. ಅದರ ಎಳೆಗಳ ನಡುವೆ ಅಲುಗಾಡದೆ ನಿಂತ ಗಾಳಿಯೇ ಮೈಯ ಬಿಸಿಯನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ. ನೀವು ಮಲಗಿದಾಗ ಬೆನ್ನ ಕೆಳಗಿನ ಪದರ ಮೈಭಾರಕ್ಕೆ ಒತ್ತಿಹೋಗಿ, ಆ ಗಾಳಿಯೆಲ್ಲ ಹೊರಬೀಳುತ್ತದೆ. ಉಳಿಯುವುದು ತೆಳುವಾದ ನೈಲಾನ್ ಬಟ್ಟೆ, ಅದರ ಕೆಳಗೆ ಬೀಸುವ ಹೊಲದ ಗಾಳಿ. ಎಷ್ಟೇ ಬೆಲೆಯ ಸ್ಲೀಪಿಂಗ್ ಬ್ಯಾಗ್ ಆದರೂ ಅದರ ಕೆಳಭಾಗಕ್ಕೆ ಇದೇ ಗತಿ. ಕಾಕಾ ಅವರ ಕೆಳಗೆ ಗಾಳಿ ಸುಳಿಯಲು ಜಾಗವೇ ಇರಲಿಲ್ಲ. ಹಗಲೆಲ್ಲ ಬಿಸಿಲುಂಡ ಮಣ್ಣು ಅಷ್ಟು ಬೇಗ ತಣ್ಣಗಾಗುವುದೂ ಇಲ್ಲ.

ಏನು ಕೊಳ್ಳಬೇಕೆಂದು ತೀರ್ಮಾನಿಸುವ ಮೊದಲು ನಮ್ಮ ಚಳಿ ಎಂಥದ್ದೆಂದು ನೋಡಬೇಕು. ಸಮುದ್ರ ಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿರುವ ಬೀದರ್‌ನಲ್ಲಿ ಡಿಸೆಂಬರ್, ಜನವರಿಯ ಕೆಲವು ರಾತ್ರಿ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುತ್ತದೆ. ಒಣ ಹವೆ, ಮೋಡವಿಲ್ಲದ ಆಕಾಶ. ಸೂರ್ಯ ಮುಳುಗಿದ ಮೇಲೆ ಹಗಲಿನ ಬಿಸಿ ಬೇಗ ಆರಿಹೋಗುತ್ತದೆ. ಆದರೂ ಇದು ಹಿಮಾಲಯದ ಚಳಿಯಲ್ಲ. ಅಲ್ಲಿಗೆಂದು ತಯಾರಾದ ಸಾಮಾನಿಗೆ ಇಲ್ಲಿ ಹಣ ಸುರಿಯುವುದು ನನಗೆ ಸರಿ ಎನಿಸುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಫೋಮ್ ಮ್ಯಾಟ್ ಕೊಳ್ಳುತ್ತಿದ್ದೆ.

ಚಾರಣಿಗರು ಸುತ್ತಿ ಬ್ಯಾಗಿಗೆ ಕಟ್ಟಿಕೊಳ್ಳುವ ಹಗುರ ಮ್ಯಾಟ್ ಇದೆಯಲ್ಲ, ಅದು. ಅದರೊಳಗಿನ ಗಾಳಿ ಸಣ್ಣಸಣ್ಣ ಮುಚ್ಚಿದ ಗುಳ್ಳೆಗಳಲ್ಲಿ ಇರುವುದರಿಂದ ಮೈಭಾರಕ್ಕೆ ಸುಲಭವಾಗಿ ಚಪ್ಪಟೆಯಾಗುವುದಿಲ್ಲ. ದಪ್ಪ 10 ಮಿಲಿಮೀಟರ್‌ಗೆ ಕಡಿಮೆ ಬೇಡ. ಮನೆಯ ಯೋಗ ಮ್ಯಾಟ್ ಸಾಮಾನ್ಯವಾಗಿ ಇದಕ್ಕಿಂತ ತೆಳು, ಜೊತೆಗೆ ಭಾರ. ಮ್ಯಾಟ್‌ನ ತೊಡಕು ಬೇರೆಯೇ ಇದೆ. ಹ್ಯಾಮಕ್‌ನ ಬಟ್ಟೆ ಎರಡೂ ಬದಿಯಿಂದ ಭುಜವನ್ನು ತಬ್ಬಿಕೊಳ್ಳುತ್ತದೆ. ಮ್ಯಾಟ್‌ನ ಅಗಲ ಸುಮಾರು 60 ಸೆಂಟಿಮೀಟರ್ ಮಾತ್ರ. ಬೆನ್ನು ಬೆಚ್ಚಗಿದ್ದರೂ ಭುಜ, ತೋಳು ತಣ್ಣನೆಯ ಬಟ್ಟೆಗೆ ತಾಗುತ್ತವೆ. ಇನ್ನೊಂದು ಮ್ಯಾಟ್‌ನಿಂದ ಒಂದು ಮೊಳ ಅಗಲದ ತುಂಡು ಕತ್ತರಿಸಿ ಭುಜದ ಜಾಗದಲ್ಲಿ ಅಡ್ಡಲಾಗಿ ಇಡಿ, ಎರಡನ್ನೂ ಅಗಲವಾದ ಟೇಪಿನಿಂದ ಅಂಟಿಸಿ. ಮೂಲೆಗಳನ್ನು ದುಂಡಗೆ ಕತ್ತರಿಸಿದರೆ ಬಟ್ಟೆಗೆ ಸಿಕ್ಕಿಕೊಂಡು ಮಡಚುವುದಿಲ್ಲ. ಎರಡು ಪದರದ ಹ್ಯಾಮಕ್ ಆದರೆ ಮ್ಯಾಟನ್ನು ಪದರಗಳ ನಡುವೆ ತೂರಿಸಿ. ಹೊರಳಿದಾಗ ಜಾರುವ ಕಾಟ ತಪ್ಪುತ್ತದೆ. ಫೋಮ್ ಬೆವರನ್ನು ಹೀರುವುದಿಲ್ಲ, ಆದ್ದರಿಂದ ಮೇಲೊಂದು ತೆಳು ಚಾದರ ಇರಲಿ.

ಸುಖದ ಮಾತು ಬಂದರೆ ಮಾತ್ರ ಅಂಡರ್‌ಕ್ವಿಲ್ಟ್‌ಗೆ ಸಾಟಿಯಿಲ್ಲ. ಇದು ಹ್ಯಾಮಕ್‌ನ ಹೊರಗೆ, ಕೆಳಗಡೆ ಎಲಾಸ್ಟಿಕ್ ದಾರದಲ್ಲಿ ನೇತಾಡುವ ರಜಾಯಿ. ಮೈಭಾರ ಇದರ ಮೇಲೆ ಬೀಳದ್ದರಿಂದ ಉಬ್ಬು ಉಬ್ಬಾಗಿಯೇ ಉಳಿಯುತ್ತದೆ, ಭುಜವನ್ನೂ ಸುತ್ತಿಕೊಳ್ಳುತ್ತದೆ. ಆದರೆ ಕಟ್ಟುವ ಹದ ತಪ್ಪಿದರೆ ಕೊಟ್ಟ ಹಣವೆಲ್ಲ ವ್ಯರ್ಥ. ನೀವು ಹ್ಯಾಮಕ್‌ನಲ್ಲಿ ಮಲಗಿದ ಮೇಲೆ ಜೊತೆಯಲ್ಲಿರುವವರು ಸೊಂಟದ ಕೆಳಗೆ, ಬಟ್ಟೆಗೂ ಕ್ವಿಲ್ಟ್‌ಗೂ ನಡುವೆ ಅಂಗೈ ತೂರಿಸಿ ನೋಡಲಿ. ಕೈ ಸಲೀಸಾಗಿ ಆಡಿದರೆ ಅಲ್ಲಿ ತಣ್ಣನೆಯ ಗಾಳಿಯೂ ಆಡುತ್ತದೆ, ದಾರ ಬಿಗಿಮಾಡಿ. ಕೈ ಹೋಗದಷ್ಟು ಬಿಗಿಯಾದರೆ ಉಬ್ಬು ಒತ್ತಿಹೋಗಿದೆ ಎಂದರ್ಥ, ಸಡಿಲಿಸಿ. ಕ್ವಿಲ್ಟ್ ಎರಡೂ ಕಡೆ ಮೈಗೆ ಮೆತ್ತಗೆ ತಾಗುತ್ತಿರಬೇಕು. ತಲೆ ಮತ್ತು ಕಾಲಿನ ತುದಿಯ ದಾರಗಳನ್ನು ಎಳೆದು ಬಾಯಿ ಮುಚ್ಚುವುದನ್ನು ಹಲವರು ಮರೆಯುತ್ತಾರೆ. ಗಾಳಿ ನುಗ್ಗುವುದೇ ಅಲ್ಲಿಂದ.

ಒಳಗಿನ ತುಂಬುವಿಕೆ ಬಾತುಕೋಳಿಯ ಪುಕ್ಕದ್ದಾದರೆ ಹಗುರ, ಬಹಳ ದುಬಾರಿ, ಒದ್ದೆಯಾದರೆ ಉಬ್ಬು ಕಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ತುಸು ಭಾರ. ಆದರೆ ಇಬ್ಬನಿಗೆ ತೇವವಾದರೂ ಕೈಬಿಡುವುದಿಲ್ಲ, ಮನೆಯಲ್ಲೇ ಒಗೆಯಬಹುದು. ನಮ್ಮ ಕಡೆಗೆ ಪಾಲಿಯೆಸ್ಟರ್ ಧಾರಾಳವಾಗಿ ಸಾಕು. ಕ್ವಿಲ್ಟ್‌ನ ಲೇಬಲ್ ಮೇಲೆ ಬರೆದಿರುವ ಡಿಗ್ರಿ ಹಲವು ಸಲ ಹೇಗೋ ರಾತ್ರಿ ಕಳೆಯುವ ಮಟ್ಟದ್ದು, ಹಾಯಾಗಿ ನಿದ್ದೆ ಮಾಡುವುದಕ್ಕಲ್ಲ. ಹಾಗಾಗಿ 10 ಡಿಗ್ರಿಯ ರಾತ್ರಿಗೆ 5 ಡಿಗ್ರಿ ಎಂದು ಬರೆದಿರುವುದನ್ನು ಆರಿಸಿ. ಹೊಲಿಗೆ ಬಲ್ಲವರು ಮನೆಯಲ್ಲಿದ್ದರೆ ಹಗುರವಾದ ಪಾಲಿಯೆಸ್ಟರ್ ರಜಾಯಿಯ ಉದ್ದನೆಯ ಅಂಚುಗಳಿಗೆ ನೇಫಾ ಹೊಲಿಸಿ, ಎಲಾಸ್ಟಿಕ್ ದಾರ ಪೋಣಿಸಿ. ಅದೇ ಅಂಡರ್‌ಕ್ವಿಲ್ಟ್ ಆಗುತ್ತದೆ. ಕೌದಿ ಇದಕ್ಕೆ ಹೊಂದುವುದಿಲ್ಲ: ಭಾರಕ್ಕೆ ದಾರ ಜಗ್ಗಿ ನಡುವೆ ಸಂದು ಬೀಳುತ್ತದೆ. ಕೌದಿಯನ್ನೋ ಕಂಬಳಿಯನ್ನೋ ಮೇಲೆ ಹೊದೆಯಿರಿ. ಕಂಬಳಿ ಸ್ವಲ್ಪ ತೇವವಾದರೂ ಬೆಚ್ಚಗೇ ಇರುತ್ತದೆ.

ಜಾಗದ ಆಯ್ಕೆಯೂ ಮುಖ್ಯ. ಕೆರೆಯಂಚು, ಹಳ್ಳದ ತಗ್ಗು ಬೇಡ. ರಾತ್ರಿ ತಣ್ಣನೆಯ ಗಾಳಿ ಇಳಿದು ನಿಲ್ಲುವುದೇ ಅಲ್ಲಿ. ದಟ್ಟ ಕೊಂಬೆಗಳ ಕೆಳಗೆ ಕಟ್ಟಿ, ಗಾಳಿ ಬರುವ ಬದಿಗೆ ತಾಡಪತ್ರಿಯನ್ನು ನೆಲದ ಸಮೀಪದವರೆಗೆ ಇಳಿಬಿಡಿ. ನಿಮ್ಮ ಹೊಲ ಚಿಂಚೋಳಿ ಕಡೆಯದ್ದಾದ್ದರಿಂದ ಇನ್ನೊಂದು ಮಾತು: ಅಲ್ಲಿನ ಕಾಡು 2011ರಿಂದ ವನ್ಯಜೀವಿಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅದರೊಳಗೆ ರಾತ್ರಿ ತಂಗುವಂತಿಲ್ಲ. ಹೊಸ ಮ್ಯಾಟ್‌ನ ಪರೀಕ್ಷೆಗೆ ನಿಮ್ಮದೇ ಬದುವಿನ ಬೇವಿನ ಮರಗಳು ಸಾಕು, ಹಗ್ಗದ ಬದಲು ಅಗಲವಾದ ಪಟ್ಟಿ ಬಳಸಿದರೆ ತೊಗಟೆಗೂ ಗಾಯವಾಗುವುದಿಲ್ಲ.