ಕಿವಿಗೆ ಬೀಳದ ಸದ್ದು, ಕೈಗೆ ಸಿಕ್ಕ ಸ್ವರ

ಇಂಗ್ಲಿಷಿನ ದೊಡ್ಡ 'ಎ' ಅಕ್ಷರವನ್ನು ತಲೆಕೆಳಗು ಮಾಡಿ ನೋಡಿ. ಮೇಲೆ ಎರಡು ಕೊಂಬು, ಕೆಳಗೆ ಚೂಪು ಮೂತಿ. ಎತ್ತಿನ ತಲೆ! ಈಗಿನ ಲೆಬನಾನ್ ಕರಾವಳಿಯ ಪ್ರಾಚೀನ ವ್ಯಾಪಾರಿಗಳಾದ ಫಿನೀಷಿಯನ್ನರು ಎತ್ತಿನ ಹೆಸರಿಂದಲೇ ಈ ಅಕ್ಷರವನ್ನು 'ಆಲೆಫ್' ಎಂದು ಕರೆದರು. ಗ್ರೀಕರ ಬಾಯಲ್ಲಿ ಅದು 'ಆಲ್ಫಾ' ಆಯಿತು. ಗ್ರೀಕಿನಲ್ಲಿ ಆ ಪದಕ್ಕೆ ಬೇರೆ ಅರ್ಥವೇ ಇಲ್ಲ. ಪಾಶ್ಚಾತ್ಯ ನಾಗರಿಕತೆ ಗ್ರೀಸಿನ ಮಣ್ಣಲ್ಲಿ ತಾನೇ ತಾನಾಗಿ ಮೊಳೆಯಿತು ಎಂದು ಇವತ್ತಿಗೂ ಹೇಳುವವರಿಗೆ ಉತ್ತರವಾಗಿ ಈ ಒಂದು ಪದ ಸಾಕು. ಗ್ರೀಕರದೇ ಇತಿಹಾಸಕಾರ ಹೆರೊಡೋಟಸನೇನೂ ಮುಚ್ಚಿಟ್ಟಿರಲಿಲ್ಲ. ಅಕ್ಷರ ತಂದವರು ಫಿನೀಷಿಯನ್ನರು ಎಂದು ಕ್ರಿ.ಪೂ. 5ನೇ ಶತಮಾನದಲ್ಲೇ ಬರೆದಿಟ್ಟ.

ಆ ಅಕ್ಷರ ಬರುವ ಮುಂಚೆ ಗ್ರೀಕರ ಬಳಿ ಲೀನಿಯರ್ ಬಿ ಎಂಬ ಲಿಪಿಯಿತ್ತು. ಸುಮಾರು 90 ಚಿಹ್ನೆ, ಒತ್ತಕ್ಷರಕ್ಕೆ ಮಾತ್ರ ದಾರಿಯಿಲ್ಲ. ನಮ್ಮ 'ಪ್ರಸಾದ' ಆಡುಮಾತಲ್ಲಿ 'ಪರಸಾದ' ಆಗುವಂತೆ ಅಲ್ಲಿ 'ತ್ರಿಪೋಸ್', ಅಂದರೆ ಮುಕ್ಕಾಲಿ, 'ತಿ-ರಿ-ಪೊ' ಆಯಿತು. 'ಪ-ತೆ' ಎಂದು ಬರೆದರೆ ಅಪ್ಪನೂ ಇರಬಹುದು, 'ಎಲ್ಲರೂ' ಎಂದೂ ಇರಬಹುದು. ಉಗ್ರಾಣದ ಲೆಕ್ಕಕ್ಕೆ ಅಷ್ಟು ಸಾಕು. ಕ್ರಿ.ಪೂ. 1200ರ ಆಸುಪಾಸಿನಲ್ಲಿ ಆ ಲೆಕ್ಕ ಇಡುತ್ತಿದ್ದ ಅರಮನೆಗಳು ಸುಟ್ಟುಹೋದವು. ಹಸಿ ಮಣ್ಣಿನ ಹಲಗೆಗಳು ಆ ಬೆಂಕಿಯಲ್ಲೇ ಬೆಂದು ಉಳಿದುಕೊಂಡವು, ಬರೆಯಬಲ್ಲವರು ಉಳಿಯಲಿಲ್ಲ.

ಶತಮಾನಗಳ ನಂತರ ಫಿನೀಷಿಯನ್ನರ 22 ಅಕ್ಷರ ಬಂದವು, ಎಲ್ಲವೂ ವ್ಯಂಜನ. ಕನ್ನಡವನ್ನು ಹಾಗೆ ಬರೆದರೆ 'ಕ್-ಲ್' ಎಂಬುದು ಕಾಲೋ ಕೋಲೋ, ಕಲೆಯೋ ಕೊಲೆಯೋ ಕೂಲಿಯೋ? ಫಿನೀಷಿಯನ್, ಹೀಬ್ರೂ, ಅರಬ್ಬಿಯಂಥ ಸೆಮಿಟಿಕ್ ಭಾಷೆಗಳಲ್ಲಿ ಪದದ ಬೇರು ವ್ಯಂಜನಗಳಲ್ಲೇ ಇರುವುದರಿಂದ ಓದುಗ ಸ್ವರವನ್ನು ಊಹಿಸಿಕೊಳ್ಳುತ್ತಾನೆ. ಗ್ರೀಕಿಗೆ ಅದು ಒಗ್ಗದು. ಅವರ ಛಂದಸ್ಸಂತೂ ನಮ್ಮದರಂತೆ ಲಘು-ಗುರುವಿನ ಮೇಲೆಯೇ ನಿಂತದ್ದು.

ಪರಿಹಾರ ಹೊಳೆದದ್ದು ತಲೆಗಿಂತ ಹೆಚ್ಚಾಗಿ ಕಿವಿಯಿಂದ ಎಂಬುದು ನನ್ನ ಪಕ್ಷ. 'ಆಲೆಫ್' ಶುರುವಾಗುವುದು ಸ್ವರದಿಂದಲ್ಲ, ಕೆಮ್ಮುವ ಮುನ್ನ ಗಂಟಲು ಗಕ್ಕನೆ ಮುಚ್ಚಿಕೊಳ್ಳುತ್ತದಲ್ಲ, ಆ ವ್ಯಂಜನದಿಂದ. ಬಾಗಿಲು ತೆರೆಯುವ ಮುಂಚಿನ ಚಿಲಕದ ಸದ್ದಿನ ಹಾಗೆ. ಒಳಗೆ ಬಂದವರನ್ನು ನೋಡುತ್ತೇವೆ, ಚಿಲಕದ ಸದ್ದು ಯಾರಿಗೆ ನೆನಪಿರುತ್ತದೆ? ಹೆಸರಿನ ಮೊದಲ ಸದ್ದೇ ಅಕ್ಷರದ ಬೆಲೆ ಎಂಬುದು ನಿಯಮ. ಗ್ರೀಕ್ ಕಿವಿಗೆ ಬಿದ್ದ ಮೊದಲ ಸದ್ದು 'ಅ'. ಹಾಗೆಯೇ 'ಹೇ' ಎಕಾರವಾಯಿತು, ಗಂಟಲಾಳದ 'ಅಯಿನ್' ಒಕಾರವಾಯಿತು. ಸುಮಾರು ಕ್ರಿ.ಪೂ. 740ರ, ಅಥೆನ್ಸಿನಲ್ಲಿ ಸಿಕ್ಕ ಒಂದು ಹೂಜಿಯ ಮೇಲೆ ಬಲದಿಂದ ಎಡಕ್ಕೆ ಗೀಚಿದ ಸಾಲಿದೆ: ಎಲ್ಲರಿಗಿಂತ ಹಗುರಾಗಿ ಕುಣಿಯುವವನ ಬಗ್ಗೆ. ಲೆಕ್ಕವಲ್ಲ, ಪದ್ಯ!

ಗಡುಸು ಹಕಾರದ 'ಹೇತ್' ಅಕ್ಷರದ ಕಥೆ ಇನ್ನೂ ಸೊಗಸು. 'ಹಾಲು' ಎನ್ನಲು 'ಆಲು' ಎನ್ನುವವರಂತೆ ಈಗಿನ ಟರ್ಕಿಯ ಪಶ್ಚಿಮ ಕರಾವಳಿಯಾದ ಅಯೋನಿಯಾದ ಗ್ರೀಕರು ಹಕಾರ ನುಂಗುತ್ತಿದ್ದರು. ಅವರಲ್ಲಿ ಅದು ದೀರ್ಘ ಏಕಾರವಾಯಿತು. ಹಕಾರ ಬಿಡದ ಯೂಬೋಯಾ ಎಂಬ ಗ್ರೀಕ್ ದ್ವೀಪದವರ ಲಿಪಿ ಇಟಲಿಗೆ ಹೋಗಿ, ಅಲ್ಲಿನ ಎಟ್ರಸ್ಕನ್ ಜನರ ಕೈದಾಟಿ ರೋಮಿಗೆ ಸೇರಿತು. ಇಂಗ್ಲಿಷಿನ 'ಎಚ್' ಅದೇ. ಅಥೆನ್ಸ್ ಮಾತ್ರ ಕ್ರಿ.ಪೂ. 403ರಲ್ಲಿ ಅಯೋನಿಯಾದ ಲಿಪಿಯನ್ನೇ ಸರ್ಕಾರಿ ಬರಹಕ್ಕೆ ಒಪ್ಪಿಕೊಂಡಿತು. ಪಾಪ, ಅಲ್ಲಿನ ಜನ ಹಕಾರ ಉಚ್ಚರಿಸುತ್ತಲೇ ಇದ್ದರು, ಬರೆಯಲು ಅಕ್ಷರವಿರಲಿಲ್ಲ.