ಘೋಸ್ಟ್, ಸ್ಪಿರಿಟ್, ಫ್ಯಾಂಟಮ್: ಎಲ್ಲಾ ದೆವ್ವಾನೇನಾ?

ಪ್ರಶ್ನೆ: ಘೋಸ್ಟ್, ಸ್ಪಿರಿಟ್, ಫ್ಯಾಂಟಮ್, ಸ್ಪೆಕ್ಟರ್. ನಿಘಂಟು ತೆರೆದರೆ ಎಲ್ಲದಕ್ಕೂ ದೆವ್ವ, ಭೂತ ಅಂತಲೇ ಇದೆ. ಯಾವುದನ್ನು ಎಲ್ಲಿ ಬಳಸಬೇಕು?

ಉತ್ತರ: ಮೊದಲು ಯಾರಾದರೂ ಸತ್ತಿದ್ದಾರಾ ನೋಡಿ. ತೀರಿಕೊಂಡ ಯಜಮಾನ ನಡುರಾತ್ರಿ ಮಹಡಿ ಮೆಟ್ಟಿಲ ಮೇಲೆ ಕಂಡರೆ ಅದು ಘೋಸ್ಟ್. ಅದಕ್ಕೆ ಒಂದು ಹೆಸರು, ಒಂದು ಹಳೆಯ ಬದುಕು ಇರುತ್ತದೆ.

ಹಾಗಾದರೆ 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಪವಿತ್ರಾತ್ಮಕ್ಕೆ ‘ಹೋಲಿ ಘೋಸ್ಟ್’ ಅಂತ ಯಾಕಿದೆ? ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಆತ್ಮ ಎಂಬ ಅರ್ಥವೂ ಇತ್ತು. ಜರ್ಮನ್ನಿನ ‘ಗೈಸ್ಟ್’ ಅದರ ದಾಯಾದಿ. ಆಮೇಲೆ ಘೋಸ್ಟ್ ಸತ್ತವರ ಪಾಲಾಯಿತು, ಆತ್ಮದ ಕೆಲಸ ಸ್ಪಿರಿಟ್‌ಗೆ ಹೋಯಿತು.

ಸ್ಪಿರಿಟ್‌ಗೆ ಸಾವು ಬೇಕಿಲ್ಲ. ಲ್ಯಾಟಿನ್ನಿನಲ್ಲಿ ಅದರ ಮೂಲ ಅರ್ಥ ಉಸಿರು. ಮೈಯಿಲ್ಲದ ಜೀವ ಯಾವುದಾದರೂ ಸರಿ, ಮರದ್ದಾಗಲಿ, ಹೊಳೆಯದ್ದಾಗಲಿ, ಸ್ಪಿರಿಟ್ಟೇ. ಗಾಯಕ್ಕೆ ಹಚ್ಚುವ ಸ್ಪಿರಿಟ್ ಕೂಡ ಇದೇ ಪದ! ಕಾಯಿಸಿದಾಗ ಆವಿಯಾಗಿ ಮೇಲೇಳುವುದನ್ನು ಹಿಂದಿನ ರಸವಾದಿಗಳು ಹಾಗೆ ಕರೆಯುತ್ತಿದ್ದರು.

ನಮ್ಮವರು ಜಾಸ್ತಿ ಎಡವುವುದು ತುಳುನಾಡಿನ ಭೂತದ ಹತ್ತಿರ. 19ನೇ ಶತಮಾನದ ಇಂಗ್ಲಿಷರು ಭೂತಾರಾಧನೆಯನ್ನು ‘ಡೆವಿಲ್ ವರ್ಷಿಪ್’ ಅಂತಲೇ ಬರೆದುಬಿಟ್ಟರು. ಪಂಜುರ್ಲಿ ಹಂದಿ ರೂಪದ ದೈವ, ಸತ್ತು ಅಲೆಯುವ ಮನುಷ್ಯ ಅಲ್ಲ. ಇನ್ನು ಈಗ ದೈವಗಳಾಗಿ ಪೂಜೆಗೊಳ್ಳುವ ಅವಳಿ ವೀರರು ಕೋಟಿ ಚೆನ್ನಯರು ಒಂದು ಕಾಲಕ್ಕೆ ಮನುಷ್ಯರಾಗಿದ್ದವರೇ. ಹಾಗಂತ ಅವರ ಗುಡಿಯಾದ ಗರಡಿಯ ಮುಂದೆ ನಿಂತು ಅವರನ್ನು ಘೋಸ್ಟ್ ಅಂದು ನೋಡಿ, ಊರವರು ಸುಮ್ನೆ ಬಿಡ್ತಾರಾ? ಸ್ಪಿರಿಟ್ ಅಂದರೆ ಸ್ವಲ್ಪ ಹತ್ತಿರವಾದೀತು. ನನ್ನನ್ನು ಕೇಳಿದರೆ ಇಂಗ್ಲಿಷಿನಲ್ಲೂ ‘ದೈವ’ ಅಂತಲೇ ಬರೆಯಿರಿ.

ಫ್ಯಾಂಟಮ್, ಸ್ಪೆಕ್ಟರ್ ಎರಡೂ ಕಣ್ಣಿಗೆ ಸಂಬಂಧಪಟ್ಟವು. ಸ್ಪೆಕ್ಟರ್‌ನ ಬೇರು ಲ್ಯಾಟಿನ್ನಿನ ‘ನೋಡು’. ನ್ಯೂಟನ್ ಬೆಳಕಿನ ಬಣ್ಣಗಳಿಗೆ ಇಟ್ಟ ಸ್ಪೆಕ್ಟ್ರಮ್ ಎಂಬ ಹೆಸರೂ ಅಲ್ಲಿಂದಲೇ ಬಂತು. ಇಂದು ಸ್ಪೆಕ್ಟರ್ ಹೆಚ್ಚಾಗಿ ಪತ್ರಿಕೆಯವರ ಪದ: ಯುದ್ಧದ ಸ್ಪೆಕ್ಟರ್, ಬರದ ಸ್ಪೆಕ್ಟರ್. ಫ್ಯಾಂಟಮ್ ಅಂದರೆ ಇದ್ದಂತೆ ಅನ್ನಿಸುತ್ತದೆ, ಆದರೆ ಇಲ್ಲ. ಕಾಲು ಕತ್ತರಿಸಿದ ಮೇಲೂ ಕೆಲವರಿಗೆ ಇಲ್ಲದ ಹೆಬ್ಬೆರಳು ತುರಿಸುತ್ತದೆ. ಕೆರೆದುಕೊಳ್ಳಲು ಕೈ ಹೋದರೆ ಅಲ್ಲಿ ಬರೀ ಹಾಸಿಗೆ. ವೈದ್ಯರು ಅದನ್ನು ಫ್ಯಾಂಟಮ್ ಲಿಂಬ್ ಅನ್ನುತ್ತಾರೆ.

ಪೋಲ್ಟರ್‌ಗೈಸ್ಟ್ ಜರ್ಮನ್ನರ ಕೊಡುಗೆ, ಅಂದರೆ ಗಲಾಟೆ ದೆವ್ವ. ಅದು ಕಾಣಿಸುವುದಿಲ್ಲ. ಬಾಗಿಲು ಬಡಿಯುತ್ತದೆ, ಪಾತ್ರೆ ಬೀಳಿಸುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಈ ಪದ ಬಳಸುವ ಮುಂಚೆ ಒಮ್ಮೆ ಅಡುಗೆಮನೆ ನೋಡಿಬನ್ನಿ.