ಸ್ಪೆಲಿಂಗ್ ಬದಲಾದರೆ ಉಪಭಾಷೆ ಹುಟ್ಟುವುದಿಲ್ಲ ಮಾರಾಯ್ರೆ

ಅಳಿದುಹೋದ ಭಾಷೆಗಳ ಹಳೇ ಪದಪಟ್ಟಿ ಓದುವುದು ನನ್ನ ಕೆಲಸ. ಹಾಗಾಗಿ ನನಗೆ ಬರುವ ಮೇಲ್‌ಗಳಲ್ಲಿ ಬಹಳಷ್ಟು ಒಂದೇ ಥರ ಇರುತ್ತವೆ. ಒಂದು ಎಕ್ಸೆಲ್ ಶೀಟು, ಕಂಪ್ಯೂಟರ್ ಬಿಡಿಸಿದ ಒಂದು ವಂಶವೃಕ್ಷ, ಕೆಳಗೆ "ಮೇಡಂ, ಇದರಲ್ಲಿ ನಾಲ್ಕು ಉಪಭಾಷೆ ಸಿಕ್ಕಿವೆ, ಸ್ವಲ್ಪ ನೋಡ್ತೀರಾ?" ಅಂತ ವಿನಯದ ಒಂದು ಸಾಲು. ನೋಡುತ್ತೇನೆ. ಸಿಕ್ಕಿರುವುದಿಲ್ಲ.

ಈಚೆಗೆ ಬಂದದ್ದು ಮೋಚಿಕಾ ಬಗ್ಗೆ. ಪೆರುವಿನ ಉತ್ತರ ಕರಾವಳಿಯ ಭಾಷೆ ಅದು. ಲಂಬಾಯೆಕೆ ಸೀಮೆಯ ಎತೆನ್ ಊರಿನಲ್ಲಿ ಕೊನೆಯ ತನಕ ಉಳಿದಿತ್ತು, 20ನೇ ಶತಮಾನದಲ್ಲಿ ಆಡುಮಾತಾಗಿ ನಿಂತುಹೋಯಿತು. ಶೀಟು ಕಳಿಸಿದವನು ಸಾಫ್ಟ್‌ವೇರ್ ಹುಡುಗ, ಜಾಣ, ಹಗಲು ಆಫೀಸು ಮುಗಿಸಿ ರಾತ್ರಿ ನಿದ್ದೆಗೆಟ್ಟು ಇದನ್ನು ಮಾಡಿದ್ದಾನೆ, ಬೈಯಲೂ ಮನಸ್ಸು ಬರುವುದಿಲ್ಲ. ಅವನ ನಾಲ್ಕು ಕಾಲಂ ಹೀಗಿದ್ದವು: ಯುಂಗಾ, ಮೋಚಿಕಾ, ಮುಚಿಕ್, ಚಿಮು. ಇವು ನಾಲ್ಕೂ ಒಂದೇ ಭಾಷೆಗೆ ಬೇರೆ ಬೇರೆ ಜನ ಇಟ್ಟ ಹೆಸರುಗಳು. ಅಲ್ಲಿಗೆ ಅರ್ಧ ಮರ ಬಿತ್ತು.

ಉಳಿದರ್ಧಕ್ಕೆ ಸ್ವಲ್ಪ ಜಾಸ್ತಿ ವಿವರಣೆ ಬೇಕು. ಎಷ್ಟು ಸಲ ಹೇಳಿದರೂ ಜನಕ್ಕೆ ತಲೆಗೆ ಹೋಗದೇ ಇರುವುದು ಇದೇ.

ಹಳೇ ಪಟ್ಟಿಯಲ್ಲಿ ನಿಮಗೆ ಕಾಣುವುದು ಮಾತಾಡಿದವರ ನಾಲಿಗೆ ಅಲ್ಲ, ಬರೆದುಕೊಂಡವನ ಕಿವಿ. ಮೋಚಿಕಾ ಬಗ್ಗೆ ನಮಗಿರುವ ದೊಡ್ಡ ಆಧಾರಗಳಲ್ಲಿ ಮೊದಲನೆಯದು ಫೆರ್ನಾಂಡೊ ದೆ ಲಾ ಕರೇರಾ 1644ರಲ್ಲಿ ಲಿಮಾದಲ್ಲಿ ಅಚ್ಚು ಹಾಕಿಸಿದ ವ್ಯಾಕರಣ. ಈತ ರೆಕೆ ಊರಿನ ಪಾದ್ರಿ. ಚಿಕ್ಕಂದಿನಲ್ಲೇ ಆ ಸೀಮೆಯಲ್ಲಿ ಭಾಷೆ ಕಲಿತವನು, ಆದ್ದರಿಂದ ಕಿವಿ ಚುರುಕು. ತೊಂದರೆ ಕೈಯದ್ದು: ಇವನಿಗೆ ಗೊತ್ತಿದ್ದ ಸ್ಪ್ಯಾನಿಷ್ ಅಕ್ಷರಮಾಲೆಯಲ್ಲಿ ಆ ಧ್ವನಿಗಳಿಗೆ ಅಕ್ಷರವೇ ಇರಲಿಲ್ಲ. ಒಂದು ಸ್ವರಕ್ಕೆ ರೋಮನ್ ಲಿಪಿಯ ಎ ಮತ್ತು ಇ ಎರಡನ್ನೂ ಬೆಸೆದು ಒಂದು ಅಕ್ಷರ ಬಳಸಿದ. ಅದು ಎಕಾರದಲ್ಲಿ ಶುರುವಾಗಿ ಉಕಾರದಲ್ಲಿ ಮುಗಿಯುತ್ತದೆ ಅಂತ ವಿವರಿಸಿದ. ಇನ್ನೊಂದು ವ್ಯಂಜನಕ್ಕೆ ಎಕ್ಸ್, ಎಲ್, ಎಲ್ ಮೂರನ್ನೂ ಸಾಲಾಗಿ ಬರೆದ. ಊಟ ಅನ್ನುವ ಅವರ ಮಾತು ಶುರುವಾಗುವುದು ಈ ಧ್ವನಿಯಿಂದ. ಅದನ್ನು ಹೇಳುವ ರೀತಿಯನ್ನೂ ಅವನೇ ಬರೆದಿದ್ದಾನೆ: ನಾಲಿಗೆಯನ್ನು ಬಾಯಿಯ ಅಂಗುಳಕ್ಕೆ ಒತ್ತಿ ಹಿಡಿಯಿರಿ, ಸದ್ದು ನಾಲಿಗೆಯ ಎರಡೂ ಪಕ್ಕದಿಂದ ಹೊರಗೆ ಬರಲಿ. ಈಗಲೇ ಮಾಡಿ ನೋಡಿ, ಯಾರೂ ನೋಡುತ್ತಿಲ್ಲ. ಲಕಾರಕ್ಕೂ ಶಕಾರಕ್ಕೂ ನಡುವೆ ಉಸಿರು ಬುಸ್ ಅನ್ನುತ್ತದೆ ಅಲ್ವಾ? ಈಗ ಅದನ್ನು ಕನ್ನಡದಲ್ಲಿ ಬರೆಯಿರಿ. ನೀವು ಬರೆದದ್ದೂ ನಿಮ್ಮ ಪಕ್ಕದವರು ಬರೆದದ್ದೂ ಒಂದೇ ಆಗಿದ್ದರೆ ನನಗೆ ತಿಳಿಸಿ.

ಇನ್ನು ಎರಡನೆಯವನು ಅರ್ನ್ಸ್ಟ್ ಮಿಡೆನ್‌ಡಾರ್ಫ್, ಜರ್ಮನ್ ವೈದ್ಯ. 1892ರಲ್ಲಿ ಲೈಪ್‌ಜಿಗ್‌ನಲ್ಲಿ ಪುಸ್ತಕ ತಂದ. ಅವನು ಕೇಳಿಸಿಕೊಂಡದ್ದು ಎತೆನ್‌ನಲ್ಲಿ. ಜರ್ಮನ್ ಅಭ್ಯಾಸದಂತೆ ತಲೆ ಮೇಲೆ ಚುಕ್ಕಿ ಇಟ್ಟ ಸ್ವರಾಕ್ಷರ ಬಳಸಿದ. ಮೂರನೆಯವನು ಹನ್ಸ್ ಹೈನ್ರಿಕ್ ಬ್ರೂನಿಂಗ್, ಅವನೂ ಜರ್ಮನಿಯವನೇ. 1875ರಲ್ಲಿ ಪೆರುವಿಗೆ ಬಂದು ಆ ಕರಾವಳಿಯಲ್ಲೇ ದಶಕಗಟ್ಟಲೆ ಇದ್ದ. ಅವನ ಮೋಚಿಕಾ ಪದಕೋಶ ಹಸ್ತಪ್ರತಿಯಾಗೇ ಉಳಿದು 2004ರಲ್ಲಿ ಲಿಮಾದಲ್ಲಿ ಅಚ್ಚಾಯಿತು. ಮೂರು ಕೈ, ಮೂರು ಬರವಣಿಗೆ. ನಮ್ಮ ಹುಡುಗ ಇವನ್ನು ಸೀದಾ ಪ್ರೋಗ್ರಾಮಿಗೆ ಸುರಿದ. ಅದು ಅಕ್ಷರಕ್ಕೆ ಅಕ್ಷರ ಹೋಲಿಸಿ ಎಷ್ಟು ವ್ಯತ್ಯಾಸ ಅಂತ ಲೆಕ್ಕ ಹಾಕಿತು. ಪಾಪ, ಅದಕ್ಕೇನು ಗೊತ್ತು, ಒಬ್ಬ ಸ್ಪ್ಯಾನಿಷ್‌ನಲ್ಲಿ ಕೇಳುತ್ತಿದ್ದಾನೆ, ಇನ್ನೊಬ್ಬ ಜರ್ಮನ್‌ನಲ್ಲಿ ಅಂತ.

ಅವನು ಭೂಪಟ ತೆಗೆದು ನೋಡಿದ್ದರೂ ಸಾಕಿತ್ತು. ಕರೇರಾನ ರೆಕೆ, ಮಿಡೆನ್‌ಡಾರ್ಫ್‌ನ ಎತೆನ್ ಅಕ್ಕಪಕ್ಕದ ಊರುಗಳು. ಶೀಟಿನಲ್ಲಿ ಒಂದಕ್ಕೆ "ಉತ್ತರದ ಉಪಭಾಷೆ", ಇನ್ನೊಂದಕ್ಕೆ "ದಕ್ಷಿಣದ ಉಪಭಾಷೆ" ಅಂತ ಹೆಸರು ಕೊಟ್ಟಿದ್ದ.

ಹಾಗಂತ ಎಲ್ಲ ವ್ಯತ್ಯಾಸವೂ ಬರವಣಿಗೆಯದ್ದೇ ಅಂತ ನಾನು ಹೇಳುತ್ತಿಲ್ಲ. ಕರೇರಾ ಎಕ್ಸ್ ಎಲ್ ಎಲ್ ಅಂತ ಬರೆದ ಕಡೆ ಮಿಡೆನ್‌ಡಾರ್ಫ್‌ನಲ್ಲಿ ಜೆ ಅಕ್ಷರ ಮತ್ತೆ ಮತ್ತೆ ಸಿಗುತ್ತದೆ, ಮೀನು ಅನ್ನುವ ಪದದಲ್ಲೂ ಹಾಗೇ. ಹೀಗೆ ಒಂದು ಕ್ರಮ ಕಂಡರೆ ಮಾತ್ರ ನಾವು ಕಿವಿ ನೆಟ್ಟಗೆ ಮಾಡುತ್ತೇವೆ. ಧ್ವನಿಯೇ ಬದಲಾಗಿರಬಹುದು. ಆದರೆ ಇವರಿಬ್ಬರ ನಡುವೆ ಸುಮಾರು 250 ವರ್ಷ ಇದೆ, ಆ ಬದಲಾವಣೆ ಕಾಲದ್ದು. ಅಜ್ಜಿಯ ಮಾತಿಗೂ ಮೊಮ್ಮಗಳ ಮಾತಿಗೂ ಇರುವ ಅಂತರವನ್ನು ಊರಿಗೂ ಊರಿಗೂ ಇರುವ ಅಂತರ ಅಂತ ಬರೆದರೆ ಆಗುವುದಿಲ್ಲ.

ಶೀಟಿನಲ್ಲಿ ನನಗೆ ತುಂಬಾ ಇಷ್ಟವಾದ ತಪ್ಪು "ಹತ್ತು" ಅನ್ನುವ ಸಾಲಿನಲ್ಲಿತ್ತು. ಅಲ್ಲಿ ಮೂರು ಪದ, ಆದ್ದರಿಂದ ಮೂರು ಉಪಭಾಷೆ! ಮೂರೂ ಕರೇರಾನ ಒಂದೇ ಪುಸ್ತಕದವು. ಹಣ ಎಣಿಸುವಾಗ ಹತ್ತಕ್ಕೆ ನಸ್ಸೊಪ್. ಜನ, ಕುದುರೆ, ಆಡು ಎಣಿಸುವಾಗ ನಪೊಂಗ್. ಹಣ್ಣು, ಜೋಳದ ತೆನೆ ಆದರೆ ನಚೊಕಿಶ್ಲ್. ಹೂಜಿ, ಹಕ್ಕಿಗಳನ್ನು ಜೋಡಿ ಲೆಕ್ಕದಲ್ಲಿ ಎಣಿಸಲು ಮತ್ತೊಂದು ಪದವೇ ಇದೆ. ಎರಡು ಮರ, ಇಬ್ಬರು ಹೆಂಗಸರು ಅನ್ನುವ ಕನ್ನಡದವನಿಗೆ ಇದು ಹೊಳೆಯಬೇಕಿತ್ತು ಅಂತ ಬರೆದೆ. "ಅಯ್ಯೋ ಹೌದಲ್ಲಾ ಮೇಡಂ" ಅಂತ ತಕ್ಷಣ ಉತ್ತರ ಬಂತು.

ಆಮೇಲೆ ಶುರುವಾಯಿತು ಉಲ್ಟಾ ಹುಚ್ಚು. ಎಲ್ಲವೂ ಒಂದೇ ಅಂತ, ಅದೇ ಕರಾವಳಿಯಲ್ಲಿ ದಕ್ಷಿಣಕ್ಕಿದ್ದ ಕಿಂಗ್ನಮ್ ಅನ್ನುವ ಬೇರೆ ಭಾಷೆಯನ್ನೂ ಮೋಚಿಕಾದೊಳಗೆ ತುರುಕಿಬಿಟ್ಟ. ಇದಕ್ಕೆ ಮಿಡೆನ್‌ಡಾರ್ಫ್‌ನೂ ಸ್ವಲ್ಪ ಹೊಣೆ, ತನ್ನ ಪುಸ್ತಕದ ಹೆಸರಿನಲ್ಲೇ ಮುಚಿಕ್ ಅಂದರೆ ಚಿಮು ಭಾಷೆ ಅಂದಿದ್ದಾನೆ. ಆದರೆ ಆ ಕರಾವಳಿಯನ್ನು ಒಮ್ಮೆ ಆಳಿದ ಚಿಮು ರಾಜ್ಯದ ನಡುನೆಲವಾದ ತ್ರುಹಿಯೊ ಕಡೆಯ ಮಾತು ಕಿಂಗ್ನಮ್ ಅಂತ ಈಗ ಹೆಚ್ಚಿನವರು ತಿಳಿದಿದ್ದಾರೆ. ಅದರದ್ದು ಅಂತ ನಮಗೆ ಉಳಿದಿರುವುದು ತೀರಾ ಕಡಿಮೆ. 2008ರಲ್ಲಿ ಚಿಕಾಮಾ ಕಣಿವೆಯ ಮಗ್ದಲೇನಾ ದೆ ಕಾವೊದಲ್ಲಿ, ಕುಸಿದ ಹಳೇ ಚರ್ಚಿನ ಅವಶೇಷದಲ್ಲಿ, ಪುರಾತತ್ವಜ್ಞ ಜೆಫ್ರಿ ಕ್ವಿಲ್ಟರ್ ತಂಡಕ್ಕೆ 17ನೇ ಶತಮಾನದ ಒಂದು ಕಾಗದ ಸಿಕ್ಕಿತು. ಅದರ ಹಿಂಬದಿಯಲ್ಲಿ ಯಾರೋ ಅಂಕಿಗಳನ್ನು ಗೀಚಿದ್ದಾರೆ, ಪಕ್ಕದಲ್ಲಿ ಗೊತ್ತಿಲ್ಲದ ಭಾಷೆಯ ಪದಗಳು. ಒಂದಕ್ಕೆ ಚಾರಿ, ಎರಡಕ್ಕೆ ಮರಿಯಾನ್, ಮೂರಕ್ಕೆ ಅಪಾರ್. ಮೋಚಿಕಾದಲ್ಲಿ ಇವೇ ಒನೆಕ್, ಅಪುತ್, ಸೊಪೆತ್. ಯಾವ ಕಿವಿ, ಯಾವ ಲೇಖನಿ ಎಷ್ಟು ತಪ್ಪು ಮಾಡಿದರೂ ಒನೆಕ್ ಚಾರಿ ಆಗುವುದಿಲ್ಲ. ಆ ಕಾಗದ ಕಿಂಗ್ನಮ್‌ದೇ ಅಂತ ನಾನು ಆಣೆ ಹಾಕುವುದಿಲ್ಲ, ಅದೇ ಇರಬೇಕು ಅನ್ನುವ ಪೈಕಿ ನಾನು. ಅದರಲ್ಲೇ ನೂರಕ್ಕೆ ಪಚಾಕ್ ಅಂತಿದೆ, ಅದು ಇಂಕಾಗಳ ಕೆಚುವಾ ಭಾಷೆಯ ನೂರು. ಸಾಲ ತಂದದ್ದು. ಇದನ್ನು ನೋಡಿ "ಹಾಗಾದರೆ ಕಿಂಗ್ನಮ್ ಕೆಚುವಾದ ಉಪಭಾಷೆ" ಅಂತ ಇನ್ನೊಂದು ಮೇಲ್ ಕಳಿಸಬೇಡಿ ಅಂತ ಮೊದಲೇ ಹೇಳಿಬಿಟ್ಟೆ.

ಉಪಭಾಷೆ ಹುಡುಕಲೇಬೇಕು ಅನ್ನುವವರು ಸುಮ್ನೆ ಇಷ್ಟು ಮಾಡಿ. ಪ್ರತಿ ಪದದ ಮುಂದೆ ಬರೆದವರು ಯಾರು, ಯಾವ ವರ್ಷ, ಯಾವ ಊರು ಅಂತ ಮೂರು ಕಾಲಂ ಸೇರಿಸಿ. ಒಬ್ಬನೇ ವ್ಯಕ್ತಿ, ಒಂದೇ ಕಾಲದಲ್ಲಿ, ಎರಡು ಊರಿನಲ್ಲಿ ಬರೆದುಕೊಂಡ ಪದಗಳನ್ನು ಮಾತ್ರ ಎದುರುಬದುರು ಇಡಿ. ಹುಡುಗನಿಗೆ ಇದನ್ನೇ ಹೇಳಿದೆ. ಸೋಸಿದ ಮೇಲೆ ಅವನ ದೊಡ್ಡ ಶೀಟಿನಲ್ಲಿ ಹೋಲಿಸಲು ಲಾಯಕ್ಕಾದ ಸಾಲುಗಳು ಬೆರಳೆಣಿಕೆಯಷ್ಟು ಉಳಿದವು, ಎಲ್ಲವೂ ಬ್ರೂನಿಂಗ್‌ನವು. ಅವನ್ನು ಈಗ ಕೈಯಲ್ಲೇ ಒಂದೊಂದಾಗಿ ನೋಡುತ್ತಿದ್ದಾನಂತೆ. ಪ್ರೋಗ್ರಾಮ್ ಪಕ್ಕಕ್ಕಿಟ್ಟಿದ್ದಾನೆ.